ಡಿಸ್ಕಿಗೊಬ್ಬ ನೀರುಗಂಟಿ

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕ್ಲಸ್ಟರ್ ಪಾಠ ಶುರು ಮಾಡುವಾಗ ನಾನು ಸ್ಲೈಡ್ ತೋರಿಸುವುದಿಲ್ಲ. ಎರಡು ಲಿನಕ್ಸ್ ಯಂತ್ರ ಕೊಡುತ್ತೇನೆ. ಎರಡಕ್ಕೂ ಕಾಣುವಂತೆ ಒಂದೇ ಒಂದು ಡಿಸ್ಕ್ ಕೊಡುತ್ತೇನೆ. ಮೊದಲ ಯಂತ್ರದ ಮುಂದೆ ಕೂತವರು ಡಿಸ್ಕನ್ನು ಇಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿ ಮೌಂಟ್ ಮಾಡಬೇಕು, ಎರಡನೆಯವರು ಸುಮ್ಮನೆ ಮೌಂಟ್ ಮಾಡಬೇಕು. ಎರಡೂ ಕಡೆ ಆಗುತ್ತದೆ. ಯಂತ್ರ ಗೊಣಗುವುದಿಲ್ಲ, ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ. ಕೋಣೆಯಲ್ಲಿ 'ಇಷ್ಟೇನಾ?' ಎಂಬ ಮುಖಗಳು.

ಆಮೇಲೆ ಮೊದಲ ಯಂತ್ರದಲ್ಲಿ ಒಂದು ಫೈಲ್ ಬರೆಯಿರಿ ಎನ್ನುತ್ತೇನೆ. ಬರೆಯುತ್ತಾರೆ. ಎರಡನೆಯದರಲ್ಲಿ ಪಟ್ಟಿ ತೆಗೆದರೆ ಆ ಫೈಲ್ ಇಲ್ಲ. ಅಲ್ಲಿಯೂ ಒಂದಿಷ್ಟು ಫೈಲ್ ಬರೆಯಿರಿ ಎನ್ನುತ್ತೇನೆ. ಹತ್ತು ನಿಮಿಷದ ಆಟದ ನಂತರ ಎರಡೂ ಕಡೆ ಅನ್‌ಮೌಂಟ್ ಮಾಡಿಸಿ, ಫೈಲ್‌ಸಿಸ್ಟಮ್ ತಪಾಸಣೆ ಓಡಿಸಿದರೆ ಪರದೆಯ ತುಂಬ ದೋಷಗಳ ಮೆರವಣಿಗೆ. ಒಬ್ಬರ ಫೈಲಿನ ಹೊಟ್ಟೆಯಲ್ಲಿ ಇನ್ನೊಬ್ಬರ ಅಕ್ಷರ. ಕೆಲವು ಫೈಲಿಗೆ ಹೆಸರಿದೆ, ಒಡಲಿಲ್ಲ. ಕೆಲವಕ್ಕೆ ಒಡಲಿದೆ, ಹೆಸರಿಲ್ಲ.

ಹೀಗೇಕೆ? ಡಿಸ್ಕಿನಲ್ಲಿ ಯಾವ ಬ್ಲಾಕ್ ಖಾಲಿ, ಯಾವುದು ತುಂಬಿದೆ ಎಂಬ ಲೆಕ್ಕ ಡಿಸ್ಕಿನ ಮೇಲೇ ಇರುತ್ತದೆ. ಆದರೆ ಪ್ರತಿ ಬಾರಿ ಅಲ್ಲಿಗೆ ಹೋಗಿ ನೋಡಿದರೆ ಕೆಲಸ ಸಾಗುವುದಿಲ್ಲವಾದ್ದರಿಂದ ಆಪರೇಟಿಂಗ್ ಸಿಸ್ಟಮ್ ಅದರ ನಕಲನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಈ ಡಿಸ್ಕಿಗೆ ನಾನೊಬ್ಬನೇ ವಾರಸುದಾರ ಎಂಬ ನಂಬಿಕೆಯಲ್ಲೇ ಇಎಕ್ಸ್‌ಟಿ4 ಹುಟ್ಟಿದೆ. ಎರಡು ಯಂತ್ರಗಳು ಎರಡು ನಕಲು ಇಟ್ಟುಕೊಂಡು, ಒಂದೇ ಖಾಲಿ ಜಾಗವನ್ನು ಎರಡೂ 'ಇದು ನನಗೆ' ಎಂದು ತೆಗೆದುಕೊಳ್ಳುತ್ತವೆ. ಡಿಸ್ಕ್ ತಡೆಯುವುದಿಲ್ಲ. ಅದಕ್ಕೆ ಯಾರು ಬರೆದರು, ಯಾಕೆ ಬರೆದರು ಎಂಬುದು ಗೊತ್ತಿಲ್ಲ. ಬ್ಲಾಕ್ ಸಂಖ್ಯೆ ಹೇಳಿ, ಬರೆ ಎಂದರೆ ಬರೆಯುತ್ತದೆ, ಅಷ್ಟೆ.

ಈ ಆಟಕ್ಕೆ ಈಗ ಸರ್ವರ್ ರೂಮೂ ಬೇಕಿಲ್ಲ. ಅಮೆಜಾನ್ 2020ರಿಂದ ತನ್ನ ಕ್ಲೌಡಿನಲ್ಲಿ ಒಂದೇ ಇಬಿಎಸ್ ವಾಲ್ಯೂಮನ್ನು, ಎಂದರೆ ಡಿಸ್ಕನ್ನು, 16 ಯಂತ್ರಗಳವರೆಗೆ ತಗುಲಿಸಲು ಬಿಡುತ್ತದೆ. ಮಾಮೂಲಿ ಫೈಲ್‌ಸಿಸ್ಟಮ್ ಅದರ ಮೇಲೆ ಹಾಕಬೇಡಿ ಎಂಬ ಎಚ್ಚರಿಕೆಯನ್ನೂ ತನ್ನ ಕೈಪಿಡಿಯಲ್ಲಿ ಕೊಟ್ಟಿದೆ. ಓದುವವರು ಓದುತ್ತಾರೆ, ಉಳಿದವರು ನನ್ನ ಹುಡುಗರು ಕಲಿತ ಹಾಗೆ ಕಲಿಯುತ್ತಾರೆ.

ಇಷ್ಟು ಅಪಾಯ ಇದ್ದಮೇಲೆ ಒಂದೇ ಡಿಸ್ಕನ್ನು ಎರಡು ಯಂತ್ರಕ್ಕೆ ಕೊಡುವುದಾದರೂ ಯಾಕೆ? ಬ್ಯಾಂಕಿನ ಡೇಟಾಬೇಸ್ ಓಡುತ್ತಿರುವ ಸರ್ವರಿನ ಮದರ್‌ಬೋರ್ಡ್ ಸಂಜೆ ನಾಲ್ಕಕ್ಕೆ ಸುಟ್ಟಿತು ಎನ್ನಿ. ಡೇಟಾ ಎಲ್ಲ ಆ ಯಂತ್ರದ ಹೊಟ್ಟೆಯಲ್ಲಿದ್ದರೆ ಅದು ಎದ್ದು ಕೂರುವವರೆಗೆ ಕಾಯಬೇಕು. ಡೇಟಾ ಹೊರಗಡೆ, ಬೇರೆ ಪೆಟ್ಟಿಗೆಯಲ್ಲಿದ್ದು ಇನ್ನೊಂದು ಸರ್ವರಿಗೂ ಕಾಣುತ್ತಿದ್ದರೆ ಅದು ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಇದು ಹಳೆಯ ಯೋಚನೆ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1983ರಲ್ಲಿ ವ್ಯಾಕ್ಸ್‌ಕ್ಲಸ್ಟರ್ ಎಂಬ ವ್ಯವಸ್ಥೆಯನ್ನು ಘೋಷಿಸಿತು. ಹಲವು ವ್ಯಾಕ್ಸ್ ಯಂತ್ರಗಳು, ಅವುಗಳ ನಡುವೆ ಸೆಕೆಂಡಿಗೆ 70 ಮೆಗಾಬಿಟ್ ಸಾಗಿಸುವ ವಿಶೇಷ ಕೇಬಲ್, ಎಲ್ಲರಿಗೂ ಸೇರಿದ ಡಿಸ್ಕುಗಳು. ನ್ಯಾನ್ಸಿ ಕ್ರೋನೆನ್‌ಬರ್ಗ್, ಹೆನ್ರಿ ಲೆವಿ, ವಿಲಿಯಂ ಸ್ಟ್ರೆಕರ್ ಮೂವರೂ ಸೇರಿ 1986ರಲ್ಲಿ ಅದರ ಬಗ್ಗೆ ಬರೆದ ಪ್ರಬಂಧ ಇವತ್ತಿಗೂ ಓದಲು ತಾಜಾ. ಆ ಕಂಪನಿ 1998ರಲ್ಲಿ ಕಾಂಪ್ಯಾಕ್‌ಗೆ, ಕಾಂಪ್ಯಾಕ್ 2002ರಲ್ಲಿ ಎಚ್‌ಪಿಗೆ ಸೇರಿತು. ಕೊನೆಕೊನೆಗೆ ವ್ಯಾಕ್ಸ್‌ಕ್ಲಸ್ಟರಿನ ಆಪರೇಟಿಂಗ್ ಸಿಸ್ಟಮ್ಮಿನ ಕೆಲಸ ಬೆಂಗಳೂರಿಗೂ ಬಂದಿತ್ತು.

ವ್ಯಾಕ್ಸ್‌ಕ್ಲಸ್ಟರಿನ ನಿಜವಾದ ಜಾಣತನ ಇದ್ದದ್ದು ಕೇಬಲ್ಲಿನಲ್ಲಲ್ಲ, ಲಾಕ್ ಮ್ಯಾನೇಜರ್ ಎಂಬ ತಂತ್ರಾಂಶದಲ್ಲಿ. ಅದನ್ನು ವಿವರಿಸಲು ನನಗೆ ನೀರುಗಂಟಿಗಿಂತ ಒಳ್ಳೆಯ ಮಾತು ಸಿಕ್ಕಿಲ್ಲ. ಕೆರೆಗೆ ತನ್ನ ನೀರು ಯಾರ ಗದ್ದೆಗೆ ಹೋಯಿತು ಎಂಬುದು ಗೊತ್ತಾಗುವುದಿಲ್ಲ. ತೂಬು ಎತ್ತಿದರೆ ಹರಿಯುತ್ತದೆ. ಇವತ್ತು ಮೇಲಿನ ಬಯಲು, ನಾಳೆ ಕೆಳಗಿನದು, ಯಾರಿಗೆ ಎಷ್ಟು ಹೊತ್ತು ಎಂಬ ಸರದಿಯನ್ನು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಸುಗ್ಗಿಯಲ್ಲಿ ರೈತರು ಅಳೆದುಕೊಡುವ ಧಾನ್ಯ ಅವನ ಕೂಲಿ. ಲಾಕ್ ಮ್ಯಾನೇಜರ್ ಮಾಡುವುದೂ ಇದನ್ನೇ. ಬ್ಲಾಕ್ ಬದಲಿಸಬೇಕಾದವರು ಮೊದಲು ಕೇಳಬೇಕು. ಬೇರೆಯವರ ಕೈಯಲ್ಲಿದ್ದರೆ ಅವರು ಬಿಡುವವರೆಗೆ ಕಾಯಬೇಕು. ಒಂದು ವ್ಯತ್ಯಾಸ ಇದೆ: ಕ್ಲಸ್ಟರಿನಲ್ಲಿ ನೀರುಗಂಟಿ ಬೇರೆ ಆಳಲ್ಲ. ಪ್ರತಿ ಯಂತ್ರವೂ ಒಂದಿಷ್ಟು ಬಯಲಿಗೆ ತಾನೇ ನೀರುಗಂಟಿ. ಒಬ್ಬ ಸತ್ತರೆ ಅವನ ಪಾಲಿನ ಬಯಲನ್ನು ಉಳಿದವರು ಹಂಚಿಕೊಳ್ಳುತ್ತಾರೆ.

ಈ ಹಾದಿಗೆ ಆಗಲೇ ವಿರೋಧವಿತ್ತು. ಮೈಕೆಲ್ ಸ್ಟೋನ್‌ಬ್ರೇಕರ್ 1986ರಲ್ಲೇ, ಏನನ್ನೂ ಹಂಚಿಕೊಳ್ಳದ ಯಂತ್ರಗಳೇ ಮೇಲು, ಪ್ರತಿಯೊಂದಕ್ಕೂ ಅದರದೇ ಡಿಸ್ಕ್ ಇರಲಿ ಎಂದು ವಾದಿಸಿದ್ದರು. ಇವತ್ತಿನ ದೊಡ್ಡ ಜಾಲತಾಣಗಳ ಡೇಟಾಬೇಸ್‌ಗಳಲ್ಲಿ ಬಹಳಷ್ಟು ಅವರ ಹಾದಿಯಲ್ಲೇ ಇವೆ. ಮನೆ ಬೇರೆಯಾದರೆ ಜಗಳ ಇಲ್ಲ ಎಂಬ ನ್ಯಾಯ. ನನಗೂ ಅವರ ವಾದ ಸರಿ ಅನ್ನಿಸುತ್ತದೆ, ಆದರೆ ನನ್ನ ಅನ್ನ ಇನ್ನೊಂದು ಮನೆಯದು.

ಆ ಮನೆ ಒರಾಕಲ್‌ದು. ಅದರ ಹಳೆಯ ಪ್ಯಾರಲಲ್ ಸರ್ವರ್‌ನಲ್ಲಿ ಒಂದು ಯಂತ್ರ ಬದಲಿಸಿದ ಬ್ಲಾಕ್ ಇನ್ನೊಂದಕ್ಕೆ ಬೇಕಾದರೆ ಮೊದಲನೆಯದು ಅದನ್ನು ಡಿಸ್ಕಿಗೆ ಬರೆಯಬೇಕಿತ್ತು, ಎರಡನೆಯದು ಅಲ್ಲಿಂದ ಓದಬೇಕಿತ್ತು. ಈ ಓಡಾಟಕ್ಕೆ ಪಿಂಗ್ ಎನ್ನುತ್ತಿದ್ದರು. ಅಡುಗೆಮನೆಯಿಂದ ಪಡಸಾಲೆಗೆ ಲೋಟ ಕೊಡಲು ಬೀದಿಯ ಕಟ್ಟೆಯ ಮೇಲಿಟ್ಟು ಬಂದ ಹಾಗೆ. 2001ರಲ್ಲಿ 9ಐ ಆವೃತ್ತಿಯ ಜೊತೆ ರಿಯಲ್ ಅಪ್ಲಿಕೇಷನ್ ಕ್ಲಸ್ಟರ್ಸ್, ಅಂದರೆ ನಾವು 'ರ‍್ಯಾಕ್' ಎನ್ನುವುದು, ಬಂದಾಗ ಬ್ಲಾಕನ್ನು ಮೆಮೊರಿಯಿಂದ ಮೆಮೊರಿಗೆ ಖಾಸಗಿ ನೆಟ್‌ವರ್ಕಿನ ಮೇಲೆ ದಾಟಿಸುವುದು ಶುರುವಾಯಿತು. ಆದರೂ ಡಿಸ್ಕುಗಳನ್ನು ಹೊಂದಿಸುವ ಕೆಲಸ ಯಾತನೆಯೇ ಆಗಿತ್ತು. ಕ್ಲಸ್ಟರಿಗೆ ಒಗ್ಗುವ ಫೈಲ್‌ಸಿಸ್ಟಮ್ ಕೊಳ್ಳದವರು ಒಂದೊಂದು ಡೇಟಾ ಫೈಲಿಗೂ ಒಂದೊಂದು ರಾ ಡಿವೈಸ್, ಎಂದರೆ ಫೈಲ್‌ಸಿಸ್ಟಮ್ ಇಲ್ಲದ ಬರಿ ಡಿಸ್ಕ್ ತುಂಡು, ಮೀಸಲಿಡಬೇಕಿತ್ತು. ಯಾವ ತುಂಡಿನಲ್ಲಿ ಯಾವ ಫೈಲ್ ಎಂಬುದು ಒಬ್ಬರ ಎಕ್ಸೆಲ್ ಶೀಟಿನಲ್ಲಿ. ಆ ಶೀಟ್ ಹಳತಾಗಿದ್ದರೆ ಗ್ರಹಚಾರ.

10ಜಿ ಆವೃತ್ತಿ ಎಎಸ್‌ಎಂ ಎಂಬುದನ್ನು ತಂದು ಈ ಶೀಟನ್ನು ಹರಿದು ಹಾಕಿತು. ಡಿಸ್ಕುಗಳನ್ನೆಲ್ಲ ಒಂದು ಡಿಸ್ಕ್ ಗ್ರೂಪಿಗೆ ಸೇರಿಸಿ ಎಂದಿತು ಅದು. ಫೈಲುಗಳನ್ನು ನಾನೇ 1 ಎಂಬಿಯ ತುಂಡುಗಳಾಗಿ ಕತ್ತರಿಸಿ, ಗ್ರೂಪಿನ ಎಲ್ಲ ಡಿಸ್ಕುಗಳ ಮೇಲೂ ಸಮನಾಗಿ ಹರಡುತ್ತೇನೆ. ಯಾವ ತುಂಡು ಎಲ್ಲಿದೆ ಎಂಬ ಲೆಕ್ಕ ನನಗಿರಲಿ ಎಂದಿತು. ಈಚಿನ ಆವೃತ್ತಿಗಳಲ್ಲಿ ಆ ತುಂಡು ಸಾಮಾನ್ಯವಾಗಿ 4 ಎಂಬಿ. ಡಿಸ್ಕ್ ಸೇರಿಸಿದರೆ ತುಂಡುಗಳು ತಾವಾಗಿ ಹರಡಿಕೊಳ್ಳುತ್ತವೆ, ತೆಗೆದರೆ ಉಳಿದವುಗಳ ಮೇಲೆ ಸರಿಯುತ್ತವೆ. ಇದೆಲ್ಲ ಡೇಟಾಬೇಸ್ ಓಡುತ್ತಿರುವಾಗಲೇ. ಇಲ್ಲೊಂದು ಕಿವಿಮಾತು: ಡಿಸ್ಕ್ ತೆಗೆ ಎಂಬ ಆದೇಶ ಕೊಟ್ಟ ತಕ್ಷಣ 'ಆಯಿತು' ಎಂಬ ಉತ್ತರ ಬರುತ್ತದೆ. ಆಗಿರುವುದಿಲ್ಲ. ಹಿನ್ನೆಲೆಯಲ್ಲಿ ತುಂಡುಗಳು ಇನ್ನೂ ಸರಿಯುತ್ತಿರುತ್ತವೆ. ಓಡುತ್ತಿರುವ ಕೆಲಸಗಳ ಪಟ್ಟಿಯಿಂದ ಅದು ಮಾಯವಾಗುವವರೆಗೆ ಸ್ಟೋರೇಜ್ ಟೀಮಿಗೆ 'ಲನ್ ವಾಪಸ್ ತಗೊಳ್ಳಿ' ಎಂದು ಹೇಳಬಾರದು.

ಲನ್ ಎಂದರೆ ದೊಡ್ಡ ಸ್ಟೋರೇಜ್ ಪೆಟ್ಟಿಗೆಯಿಂದ ಕತ್ತರಿಸಿ ಕೊಟ್ಟ ಒಂದು ಪಾಲು. ಸರ್ವರಿನ ಕಣ್ಣಿಗೆ ಅದು ಒಂದು ಡಿಸ್ಕ್. ತೊಡಕು ಶುರುವಾಗುವುದು ಇಲ್ಲಿಂದ, ಅದೂ ಹೆಸರಿನಿಂದ. ಕೇಬಲ್ ಒಂದು ಕಿತ್ತರೂ ನಡೆಯಲಿ ಎಂದು ಪ್ರತಿ ಲನ್ನಿಗೆ ನಾಲ್ಕು ದಾರಿ ಇಟ್ಟಿರುತ್ತಾರೆ. ಲಿನಕ್ಸ್ ಪ್ರತಿ ದಾರಿಯನ್ನೂ ಬೇರೆ ಡಿಸ್ಕ್ ಎಂದುಕೊಂಡು ಬೇರೆ ಹೆಸರಿಡುತ್ತದೆ. ಹತ್ತು ಲನ್ ಕೊಟ್ಟರೆ ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ ಎಂದು ನಲವತ್ತು ಹೆಸರು. ಆ ಹೆಸರುಗಳೂ ಗಟ್ಟಿಯಲ್ಲ. ಯಂತ್ರ ಏಳುವಾಗ ಯಾವ ಡಿಸ್ಕ್ ಮೊದಲು ಕಂಡಿತೋ ಅದಕ್ಕೆ ಮೊದಲ ಅಕ್ಷರ. ಮೊದಲ ನೋಡಿನಲ್ಲಿ, ಎಂದರೆ ಕ್ಲಸ್ಟರಿನ ಮೊದಲ ಯಂತ್ರದಲ್ಲಿ, ಎಸ್‌ಡಿಸಿ ಆಗಿದ್ದದ್ದು ಎರಡನೆಯದರಲ್ಲಿ ಎಸ್‌ಡಿಎಫ್ ಆಗಿರಬಹುದು. ಮಲ್ಟಿಪಾತ್ ಎಂಬ ತಂತ್ರಾಂಶ ನಾಲ್ಕು ದಾರಿಗಳನ್ನು ಸೇರಿಸಿ ಒಂದೇ ಹೆಸರು ಕೊಡುತ್ತದೆ ನಿಜ, ಆದರೆ ಅದು ತಾನಾಗಿ ಇಡುವ ಸರಳ ಹೆಸರೂ ಎರಡು ನೋಡುಗಳಲ್ಲಿ ಒಂದೇ ಇರಬೇಕೆಂದೇನಿಲ್ಲ. ಡಿಸ್ಕಿನ ಹುಟ್ಟುಗುರುತು ಎಂದರೆ ಡಬ್ಲ್ಯುಡಬ್ಲ್ಯುಐಡಿ ಎಂಬ ಉದ್ದನೆಯ ಸಂಖ್ಯೆ. ಊರೂರಿಗೆ ಹೆಸರು ಬದಲಾದರೂ ಮಚ್ಚೆ ಬದಲಾಗುವುದಿಲ್ಲವಲ್ಲ, ಹಾಗೆ. ಎರಡೂ ನೋಡುಗಳಲ್ಲಿ ಆ ಸಂಖ್ಯೆಯನ್ನು ಓದಿಸಿ, ತಾಳೆ ನೋಡಿ, ಪ್ರತಿ ಸಂಖ್ಯೆಗೂ ನಾವೇ ಒಂದು ಹೆಸರು ಕಟ್ಟಿ, ಆ ಹೆಸರಿನ ಕಡತವನ್ನು ಎರಡೂ ಕಡೆ ಇಡಬೇಕು. ಬೇಸರದ ಕೆಲಸ. ಆದರೆ ಡಿಸ್ಕ್ ಗ್ರೂಪ್ ಕಟ್ಟುವ ಕೆಲಸದಲ್ಲಿ ಅರ್ಧ ಇದೇ.

ಬಿಟ್ಟವನ ಕಥೆ ಹೇಳುತ್ತೇನೆ. ಬಿಟ್ಟವನು ನಾನೇ.

ಒಂದು ಸಂಸ್ಥೆಯ ಎರಡು ನೋಡಿನ ಕ್ಲಸ್ಟರ್. ಬ್ಯಾಕಪ್‌ಗೆ ಹೊಸ ಲನ್ ಬೇಕೆಂದು ಕೇಳಿದ್ದೆವು. ಟಿಕೆಟ್ಟಿನಲ್ಲಿ ಡಿಸ್ಕಿನ ಹೆಸರು ಬರೆದು ಕಳಿಸಿದ್ದರು. ಆ ಹೆಸರು ಮೊದಲ ನೋಡಿನದು. ರಾತ್ರಿ ಹನ್ನೊಂದಕ್ಕೆ ಎರಡನೆಯ ನೋಡಿನಲ್ಲಿ ಲಾಗಿನ್ ಆಗಿದ್ದ ನಾನು ಅದೇ ಹೆಸರಿನ ಡಿಸ್ಕ್ ನೋಡಿದೆ. ಪಾರ್ಟಿಷನ್ ಇಲ್ಲ, ಫೈಲ್‌ಸಿಸ್ಟಮ್ ಇಲ್ಲ, ಖಾಲಿ. ಎಎಸ್‌ಎಂ ಡಿಸ್ಕ್ ಲಿನಕ್ಸಿನ ಕಣ್ಣಿಗೆ ಕಾಣುವುದೇ ಹಾಗೆ, ಊಟಕ್ಕೆ ತೊಳೆದಿಟ್ಟ ಬಾಳೆಯೆಲೆಯಷ್ಟು ಖಾಲಿ. ಎಫ್‌ಡಿಸ್ಕ್ ಓಡಿಸಿ ಪಾರ್ಟಿಷನ್ ಪಟ್ಟಿ ಬರೆದೆ. 'ಡಿವೈಸ್ ಬ್ಯುಸಿ' ಎಂದು ಒಂದು ಸಾಲು ಬಂತು. ಹೊಸ ಪಾರ್ಟಿಷನ್ ಕಾಣಿಸಲಿಲ್ಲ. ಲನ್ನಿನಲ್ಲೇ ಏನೋ ಐಬಿದೆ ಎಂದು ಸ್ಟೋರೇಜ್ ಟೀಮಿಗೆ ಒಂದು ಮೇಲ್ ಹಾಕಿ ಮನೆಗೆ ಹೋದೆ. ಮರುದಿನ ಬೇರೆ ಲನ್ ಬಂತು, ಬ್ಯಾಕಪ್ ಆಯಿತು, ವಿಷಯ ಮರೆತುಹೋಯಿತು.

ಮೂರು ವಾರ ಏನೂ ಆಗಲಿಲ್ಲ. ಇದೇ ಇದರ ಕ್ರೌರ್ಯ. ಎಎಸ್‌ಎಂ ಡಿಸ್ಕಿನ ಮೊದಲ 4096 ಬೈಟುಗಳಲ್ಲಿ ಹೆಡರ್ ಇರುತ್ತದೆ: ಈ ಡಿಸ್ಕ್ ಯಾವ ಗ್ರೂಪಿನದು, ಎಷ್ಟನೆಯದು ಎಂಬ ಜಾತಕ. ಮೌಂಟ್ ಆಗುವಾಗ ಅದನ್ನು ಓದಿಕೊಂಡರೆ ಮುಗಿಯಿತು. ನಾನು ಹಾಳು ಮಾಡಿದ್ದು ಅದರ ಮೊದಲ 512 ಬೈಟುಗಳನ್ನು. ಓಡುತ್ತಿದ್ದ ಡೇಟಾಬೇಸಿಗೆ ಅದರ ಗೊಡವೆ ಇರಲಿಲ್ಲ. ಮೂರು ವಾರದ ನಂತರ ಪ್ಯಾಚ್ ಹಾಕಲು ಎರಡನೆಯ ನೋಡನ್ನು ರೀಬೂಟ್ ಮಾಡಿದಾಗ, ಡೇಟಾ ಗ್ರೂಪಿನಲ್ಲಿ ಒಂದು ಡಿಸ್ಕ್ ಕಡಿಮೆ ಇದೆ, ಮೌಂಟ್ ಆಗೆನು ಎಂದಿತು. ಮೊದಲ ನೋಡ್ ಹಳೆಯ ನೆನಪಿನಲ್ಲೇ ಓಡುತ್ತಿತ್ತು, ಗ್ರಾಹಕರಿಗೆ ಗೊತ್ತಾಗಲಿಲ್ಲ. ಅದನ್ನೂ ರೀಬೂಟ್ ಮಾಡಿದ್ದರೆ ಎಂಬ ಯೋಚನೆಗೆ ಈಗಲೂ ಬೆವರುತ್ತೇನೆ. ಪುಣ್ಯಕ್ಕೆ ಎಎಸ್‌ಎಂ ಹೆಡರಿನ ಒಂದು ಪ್ರತಿಯನ್ನು ಡಿಸ್ಕಿನ ಎರಡನೆಯ ತುಂಡಿನ ಕೊನೆಯ ಬ್ಲಾಕಿನ ಹಿಂದಿನ ಬ್ಲಾಕಿನಲ್ಲಿ ಬಚ್ಚಿಟ್ಟಿರುತ್ತದೆ. ಕೆಫೆಡ್ ಎಂಬ ಪುಟ್ಟ ಸಾಧನಕ್ಕೆ 'ರಿಪೇರಿ' ಎಂದರೆ ಅಲ್ಲಿಂದ ತಂದು ಅಂಟಿಸುತ್ತದೆ. ಒಂದು ಸೆಕೆಂಡಿನ ಕೆಲಸ. ಆ ರಾತ್ರಿ ನಾನು ಪಾರ್ಟಿಷನ್ ಜೊತೆ ಫಾರ್ಮ್ಯಾಟೂ ಮಾಡಿದ್ದರೆ ಯಾವ ಕೆಫೆಡ್ಡೂ ಕಾಯುತ್ತಿರಲಿಲ್ಲ. ಅಂದಿನಿಂದ ನಾನು ಎಎಸ್‌ಎಂಗೆ ಕೊಡುವ ಪ್ರತಿ ಡಿಸ್ಕಿನ ಮೇಲೂ ಮೊದಲೇ ಒಂದು ಪಾರ್ಟಿಷನ್ ಮಾಡಿ, ಆ ಪಾರ್ಟಿಷನ್ನನ್ನೇ ಕೊಡುತ್ತೇನೆ. ಅದಕ್ಕೇನೂ ತಾಂತ್ರಿಕ ಅಗತ್ಯ ಇಲ್ಲ. ಖಾಲಿ ಸೀಟಿನ ಮೇಲೆ ಕರ್ಚೀಫ್ ಹಾಕಿದ ಹಾಗೆ ಅದು. ನನ್ನಂಥ ಇನ್ನೊಬ್ಬ ರಾತ್ರಿ ಹನ್ನೊಂದಕ್ಕೆ ಬರುತ್ತಾನೆ ಎಂದು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಡಿಸ್ಕುಗಳ ಒಡೆತನ ಗ್ರಿಡ್ ಎಂಬ ಬಳಕೆದಾರನ ಹೆಸರಿಗೆ ಆಗಬೇಕು, ಅದೂ ಲಿನಕ್ಸಿನ ಯುಡೆವ್ ನಿಯಮದ ಮೂಲಕ. ಕೈಯಾರೆ ಬದಲಿಸಿದರೆ ಮುಂದಿನ ರೀಬೂಟಿಗೆ ಮತ್ತೆ ರೂಟ್‌ನ ಪಾಲು. ಒಂದು ಗ್ರೂಪಿನ ಡಿಸ್ಕುಗಳೆಲ್ಲ ಒಂದೇ ಅಳತೆಯವಿರಲಿ. ದೊಡ್ಡದಕ್ಕೆ ಹೆಚ್ಚು ತುಂಡು ಬೀಳುವುದರಿಂದ ಕೆಲಸದ ಹೊರೆಯೂ ಅದರ ಮೇಲೇ. ಒಂದು ನೋಡಿನಲ್ಲಿ ಆದೇಶ ಬರೆದು ಗ್ರೂಪ್ ಕಟ್ಟಿದರೆ ಅದು ಆ ನೋಡಿನಲ್ಲಿ ಮಾತ್ರ ಮೌಂಟ್ ಆಗುತ್ತದೆ. ಇನ್ನೊಂದರಲ್ಲಿ ನಾವೇ ಮೌಂಟ್ ಮಾಡಬೇಕು. ಹೊಸಬರು ಇದನ್ನು ಮರೆತು 'ಸಾರ್, ಡಿಸ್ಕ್ ಗ್ರೂಪ್ ಕಾಣ್ತಾ ಇಲ್ಲ' ಎಂದು ಓಡಿಬರುವುದು ವಾಡಿಕೆ.

ಡೇಟಾದ ಪ್ರತಿ ಇಡುವ ಕನ್ನಡಿಯ ವಿಚಾರಕ್ಕೆ ಮಾತ್ರ ನಿಲ್ಲಬೇಕು. ಸ್ಟೋರೇಜ್ ಪೆಟ್ಟಿಗೆಯೇ ಪ್ರತಿ ಇಡುತ್ತದೆ ಎಂದು ನಂಬಿದರೆ ಎಕ್ಸ್‌ಟರ್ನಲ್, ಎರಡು ಪ್ರತಿಗೆ ನಾರ್ಮಲ್, ಮೂರಕ್ಕೆ ಹೈ. ನಾರ್ಮಲ್ ಎಂದು ಕಟ್ಟಿದರೆ ಸಾಲದು. ಎರಡು ಪೆಟ್ಟಿಗೆಗಳಿದ್ದರೆ ಯಾವ ಡಿಸ್ಕ್ ಯಾವ ಪೆಟ್ಟಿಗೆಯದು ಎಂದು ಎಎಸ್‌ಎಂಗೆ ಫೇಲ್‌ಗ್ರೂಪ್ ಮಾಡಿ ಹೇಳಬೇಕು. ಹೇಳದಿದ್ದರೆ ಪ್ರತಿ ಡಿಸ್ಕೂ ಒಂದು ಫೇಲ್‌ಗ್ರೂಪ್ ಎಂದು ಅದು ಎಣಿಸುತ್ತದೆ. ಎರಡೂ ಪ್ರತಿ ಒಂದೇ ಪೆಟ್ಟಿಗೆಯ ಎರಡು ಡಿಸ್ಕಿನಲ್ಲಿ ಕೂತಿರಬಹುದು. ಮನೆಯ ಎರಡು ಬೀಗದ ಕೈಯನ್ನೂ ಒಂದೇ ಜೇಬಿನಲ್ಲಿಟ್ಟ ಹಾಗೆ. ಇನ್ನೊಂದು ತಮಾಷೆ: 4 ಟಿಬಿ, 4 ಟಿಬಿ ಕನ್ನಡಿ ಹಿಡಿಸಿದರೆ ಒಟ್ಟು 8 ಟಿಬಿ ಎಂದೇ ತೋರಿಸುತ್ತದೆ. ಮ್ಯಾನೇಜರ್ 8 ಎಂದು ಬರೆದುಕೊಳ್ಳುತ್ತಾರೆ. ನಿಜವಾಗಿ ಬಳಸಬಹುದಾದ ಜಾಗ ಬೇರೆ ಕಾಲಮ್ಮಿನಲ್ಲಿರುತ್ತದೆ. ಒಂದು ಡಿಸ್ಕ್ ಸತ್ತರೆ ಅದರ ಪ್ರತಿಗಳನ್ನು ಮತ್ತೆ ಕಟ್ಟಲು ಬೇಕಾಗುವ ಜಾಗವನ್ನೂ ಕಳೆದ ಸಂಖ್ಯೆ ಅದು, ಕೆಲವೊಮ್ಮೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. 'ಖಾಲಿ ಜಾಗ ಮೈನಸ್ ಹೇಗ್ರೀ ಆಗುತ್ತೆ?' ಎಂದು ನನ್ನನ್ನು ಕೇಳದ ಮ್ಯಾನೇಜರ್ ಇಲ್ಲ.

ಇನ್ನು ಕೋರಂ. ಕೋರಂ ಇಲ್ಲದೆ ಸಭೆ ಮುಂದೂಡಿಕೆ ಎಂಬ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಕ್ಲಸ್ಟರಿನವರು ಬಳಸುವುದೂ ಅದೇ ಪದ, ಅದೇ ಅರ್ಥದಲ್ಲಿ.

ಎರಡು ನೋಡುಗಳು ಖಾಸಗಿ ನೆಟ್‌ವರ್ಕಿನಲ್ಲಿ ಪ್ರತಿ ಸೆಕೆಂಡಿಗೊಮ್ಮೆ 'ಇದ್ದೀಯಾ?' 'ಇದ್ದೀನಿ' ಎಂದು ಕೂಗಿಕೊಳ್ಳುತ್ತಿರುತ್ತವೆ. ಕೇಬಲ್ ಕಡಿದರೆ ಇಬ್ಬರಿಗೂ ಇನ್ನೊಬ್ಬರ ಕೂಗು ಕೇಳುವುದಿಲ್ಲ. ಅವನು ಸತ್ತ, ಇನ್ನು ಡಿಸ್ಕ್ ಎಲ್ಲ ನನ್ನದು ಎಂದು ಇಬ್ಬರೂ ಅಂದುಕೊಳ್ಳುತ್ತಾರೆ. ಇದಕ್ಕೆ ಸ್ಪ್ಲಿಟ್ ಬ್ರೇನ್ ಎಂದು ಹೆಸರು. ಈಗ ನೀರುಗಂಟಿ ಇಬ್ಬರಾದರು, ಒಬ್ಬರ ಮಾತು ಇನ್ನೊಬ್ಬರಿಗಿಲ್ಲ. ನನ್ನ ಹುಡುಗರ ಆಟದ ಡಿಸ್ಕಿಗೆ ಆದ ಗತಿಯೇ ಬ್ಯಾಂಕಿನ ಖಾತೆಗಳಿಗೂ ಆಗುತ್ತದೆ. ಹೀಗಾಗಿ ಕ್ಲಸ್ಟರ್ ಕಟ್ಟುವಾಗ ಯಾರು ಒಳಗೆ ಎನ್ನುವುದಕ್ಕಿಂತ ಯಾರನ್ನು, ಯಾವಾಗ, ಯಾರ ಮಾತಿನ ಮೇಲೆ ಹೊರಗೆ ಹಾಕಬೇಕು ಎಂಬುದರ ಏರ್ಪಾಡೇ ದೊಡ್ಡದು. ಡಿಸ್ಕನ್ನು ಎರಡು ಯಂತ್ರಕ್ಕೆ ಕಾಣಿಸುವುದು ಒಂದು ಮಧ್ಯಾಹ್ನದ ಕೆಲಸ. ಒಂದಕ್ಕೆ ಕಾಣದ ಹಾಗೆ ಮಾಡುವುದು ಹೇಗೆ, ಅದಕ್ಕೆ ಇಡೀ ವಿನ್ಯಾಸ ಉತ್ತರಿಸಬೇಕು.

ವ್ಯಾಕ್ಸ್ ಕಾಲದ ಕೋರಂ ಲೆಕ್ಕ ಚಂದ: ಒಟ್ಟು ಮತಕ್ಕೆ ಎರಡು ಸೇರಿಸಿ, ಅರ್ಧ ಮಾಡಿ, ಚಿಲ್ಲರೆ ಬಿಡಿ. ಎರಡು ಮತವಿದ್ದರೆ ಎರಡೂ ಬೇಕು, ಒಬ್ಬ ಸತ್ತರೆ ಇನ್ನೊಬ್ಬನೂ ನಿಲ್ಲುತ್ತಾನೆ. ಮೂರು ಮತವಿದ್ದರೂ ಎರಡೇ ಸಾಕು. ಆದ್ದರಿಂದ ಎರಡು ಯಂತ್ರಗಳಿದ್ದಲ್ಲಿ ಒಂದು ಡಿಸ್ಕಿಗೇ ಮೂರನೆಯ ಮತ ಕೊಡುವ ಪದ್ಧತಿ ಆಗಲೇ ಇತ್ತು. ಒರಾಕಲ್ ಅದನ್ನು ಇನ್ನೊಂದು ರೀತಿ ಮಾಡುತ್ತದೆ: ಕ್ಲಸ್ಟರಿಗೆಂದೇ ಕಟ್ಟಿದ ಡಿಸ್ಕ್ ಗ್ರೂಪಿನಲ್ಲಿ ವೋಟಿಂಗ್ ಡಿಸ್ಕುಗಳು, ಎಕ್ಸ್‌ಟರ್ನಲ್ ಆದರೆ 1, ನಾರ್ಮಲ್ ಆದರೆ 3, ಹೈ ಆದರೆ 5. ಅರ್ಧಕ್ಕಿಂತ ಹೆಚ್ಚು ವೋಟಿಂಗ್ ಡಿಸ್ಕ್ ಕಾಣದ ನೋಡ್ ಸಭೆಯಿಂದ ಹೊರಗೆ.

ಎರಡು ಸ್ಟೋರೇಜ್ ಪೆಟ್ಟಿಗೆ ಕೊಂಡು ಬೀಗುವ ಕಡೆ ಈಗ ನೋಡಿ. ಮೂರು ವೋಟಿಂಗ್ ಡಿಸ್ಕುಗಳನ್ನು ಎರಡು ಪೆಟ್ಟಿಗೆಗೆ ಹೇಗೆ ಹಂಚಿದರೂ ಒಂದರಲ್ಲಿ ಎರಡು, ಇನ್ನೊಂದರಲ್ಲಿ ಒಂದು. ಎರಡಿರುವ ಪೆಟ್ಟಿಗೆ ಕೆಟ್ಟರೆ, ಡೇಟಾದ ಪ್ರತಿ ಇನ್ನೊಂದರಲ್ಲಿ ಸುರಕ್ಷಿತವಾಗಿದ್ದರೂ, ಕೋರಂ ಇಲ್ಲದೆ ಇಡೀ ಕ್ಲಸ್ಟರ್ ಮಲಗುತ್ತದೆ. ಕೋಟಿಗಟ್ಟಲೆ ಸುರಿದು ಕಟ್ಟಿದ್ದು ಮೂರನೆಯ ಒಂದು ಮತವಿಲ್ಲದೆ ನಿಲ್ಲುತ್ತದೆ. ಮೂರನೆಯದನ್ನು ಬೇರೊಂದು ಕಟ್ಟಡದ ಸಾಧಾರಣ ಎನ್‌ಎಫ್‌ಎಸ್ ಸರ್ವರಿನಲ್ಲಿ, ಕೆಲವು ನೂರು ಎಂಬಿಯ ಒಂದು ಫೈಲಾಗಿ ಇಡಲು ಒರಾಕಲ್ ಅವಕಾಶ ಕೊಟ್ಟಿದೆ. ಅದರಲ್ಲಿ ಡೇಟಾ ಇರುವುದಿಲ್ಲ, ಮತ ಮಾತ್ರ. ಈ ಬಡ ಸರ್ವರಿಗಾಗಿ ನಾನು ಎಷ್ಟು ಮೀಟಿಂಗ್‌ಗಳಲ್ಲಿ ಕೈಮುಗಿದಿದ್ದೇನೋ.

ಹೊರಗೆ ಹಾಕಿಸಿಕೊಂಡವನು ಸುಮ್ಮನೆ ಹೋಗುವನೇ ಎಂಬುದು ಕೊನೆಯ ಪ್ರಶ್ನೆ. ಕ್ಷಣಕಾಲ ತೂಕಡಿಸಿ ಎದ್ದ ನೋಡ್ ತಾನು ಹೊರಗಿನವನೆಂದು ತಿಳಿಯುವ ಮೊದಲೇ ಕೈಯಲ್ಲಿದ್ದ ಹಳೆಯ ಬ್ಲಾಕನ್ನು ಡಿಸ್ಕಿಗೆ ಬರೆದುಬಿಡಬಹುದು. ವೆರಿಟಾಸ್ ಎಂಬ ಕ್ಲಸ್ಟರ್ ತಂತ್ರಾಂಶದವರು ಇದಕ್ಕೆ ಡಿಸ್ಕಿನ ಸಹಾಯವನ್ನೇ ಪಡೆಯುತ್ತಾರೆ: ಪ್ರತಿ ನೋಡೂ ಡಿಸ್ಕಿನಲ್ಲಿ ತನ್ನ ಕೀಲಿ ನೋಂದಾಯಿಸಿರಬೇಕು, ಉಳಿದವನು ಸತ್ತವನ ಕೀಲಿಯನ್ನು ಕಿತ್ತುಹಾಕುತ್ತಾನೆ, ಆಮೇಲೆ ಅವನು ಬರೆದರೆ ಡಿಸ್ಕ್ ತಿರಸ್ಕರಿಸುತ್ತದೆ. ಪೆದ್ದ ಡಿಸ್ಕಿಗೆ ಅಷ್ಟು ಮಾತ್ರದ ಬುದ್ಧಿ ಸ್ಕಸಿ-3 ಮಾನದಂಡ ಕೊಟ್ಟಿದೆ. ಲಿನಕ್ಸಿನವರದು ಇನ್ನೂ ನೇರ. ಪಕ್ಕದವನ ವಿದ್ಯುತ್ತನ್ನೇ ತೆಗೆಸಿಬಿಡುವುದು. ಅವರು ಅದಕ್ಕಿಟ್ಟ ಹೆಸರು ಸ್ಟೋನಿತ್, ಬಿಡಿಸಿದರೆ ಇನ್ನೊಂದು ನೋಡಿನ ತಲೆಗೆ ಗುಂಡು ಹೊಡೆ ಎಂದಾಗುತ್ತದೆ. ಒರಾಕಲ್‌ನಲ್ಲಿ ಸೋತ ನೋಡ್ ತನ್ನನ್ನು ತಾನೇ ಕೆಡವಿಕೊಳ್ಳುತ್ತದೆ.

ಇದನ್ನೆಲ್ಲ ಕಟ್ಟಿದ ಮೇಲೆ ಕಿತ್ತು ನೋಡದೆ ಕೈಬಿಡಬಾರದು. ಹೋದ ತಿಂಗಳು ಹೊಸ ತಂಡದ ಮುಂದೆ ಖಾಸಗಿ ನೆಟ್‌ವರ್ಕಿನ ಕೇಬಲ್ ಎಳೆದೆ. ಕೂಗು ಕೇಳದೆ 30 ಸೆಕೆಂಡ್ ಕಾಯುವುದು ಕ್ಲಸ್ಟರಿನ ನಿಯಮ. ಎಲ್ಲರೂ ಗಡಿಯಾರ ನೋಡುತ್ತಿದ್ದರು.

"ಎರಡಕ್ಕೂ ಮೂರೂ ವೋಟಿಂಗ್ ಡಿಸ್ಕ್ ಕಾಣ್ತಾ ಇದೆ ಸಾರ್, ಇಬ್ಬರೂ ಸಮ. ಈಗ ಯಾವುದು ಹೋಗುತ್ತೆ?" ಎಂದ ಒಬ್ಬ ಹುಡುಗ.

"ಸಮ ಆದರೆ ಸಣ್ಣ ನಂಬರಿನದು ಉಳಿಯುತ್ತೆ ಕಣಪ್ಪಾ. ನೀನು ಯಾವುದರಲ್ಲಿ ಕೂತಿದ್ದೀಯ?"

ಅವನು ಪರದೆ ಕಡೆ ತಿರುಗಿದ. ಅಲ್ಲಿ 3113 ಎಂಬ ದೋಷಸಂಖ್ಯೆ ಬಂದು ಕೂತಿತ್ತು, ಸಂಪರ್ಕ ಕಡಿದುಹೋಗಿದೆ ಎಂಬ ಸಾಲಿನ ಜೊತೆ.

"ಎರಡನೇದರಲ್ಲಿ ಸಾರ್."